ವರ್ಷಗಳ ನಂತರ ಮತ್ತೆ ಬೈಕ್: ನಿಂತ ಗಾಡಿಯಿಂದ ಗುಂಪು ಸವಾರಿಯವರೆಗೆ

ಬೈಕ್ ಬಿಟ್ಟು ಹತ್ತು ಹದಿನೈದು ವರ್ಷ ಆದವರು ಮತ್ತೆ ಸೀಟಿನ ಮೇಲೆ ಕೂತಾಗ ಮೊದಲ ಕೆಲವು ನಿಮಿಷಗಳಲ್ಲೇ ಒಂದು ಸಮಾಧಾನ ಸಿಗುತ್ತದೆ. ಕೈಕಾಲು ಏನನ್ನೂ ಮರೆತಿಲ್ಲ. ಎಡಗೈ ಬೆರಳು ಕ್ಲಚ್ಚಿನ ಮೇಲೆ ಹೋಗುತ್ತದೆ, ಪಾದ ಗೇರನ್ನು ತಾನೇ ಹುಡುಕುತ್ತದೆ, ಗಾಡಿ ಉರುಳಿದ ಕೂಡಲೇ ಬ್ಯಾಲೆನ್ಸ್ ಬಂದುಬಿಡುತ್ತದೆ. ಆ ಖುಷಿ ನಿಜವಾದದ್ದೇ. ಆದರೆ ಮರಳಿ ಬಂದವರ ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಕೈಕಾಲಿಗೆ ನೆನಪು ಬೇಗ ಬರುತ್ತದೆ, ಕಣ್ಣಿನ ಅಂದಾಜು ನಿಧಾನವಾಗಿ ಬರುತ್ತದೆ. ಎದುರಿನ ಕಾರು ಅಡ್ಡ ತಿರುಗೀತೇ, ತಿರುವಿನ ಆಚೆ ಮರಳು ಬಿದ್ದಿರಬಹುದೇ, ಈ ವೇಗದಲ್ಲಿ ಎಷ್ಟು ದೂರದೊಳಗೆ ನಿಲ್ಲಬಲ್ಲೆ ಎಂಬುದೆಲ್ಲ ದಿನಾ ಓಡಿಸುವವರಿಗೆ ಯೋಚಿಸುವ ಮೊದಲೇ ಹೊಳೆಯುತ್ತದೆ. ವರ್ಷಗಟ್ಟಲೆ ಬಿಟ್ಟವರಲ್ಲಿ ಅದು ಮಂಕಾಗಿರುತ್ತದೆ, ಮಂಕಾಗಿದೆ ಎಂಬುದು ಗೊತ್ತೂ ಆಗುವುದಿಲ್ಲ. ಹಾಗಾಗಿ ನೀವು ಏನೇ ಕೊಳ್ಳಿ, ಯಾವ ಗುಂಪನ್ನೇ ಸೇರಿ, ಮೊದಲ ಕೆಲವು ತಿಂಗಳ ಕೆಲಸ ಒಂದೇ: ಧೈರ್ಯ ಅಂದಾಜಿಗಿಂತ ಮುಂದೆ ಓಡದಂತೆ ನೋಡಿಕೊಳ್ಳುವುದು. ಕೆಳಗಿನ ಹಂತಗಳನ್ನು ಅದಕ್ಕೆ ತಕ್ಕ ಕ್ರಮದಲ್ಲಿ ಇಟ್ಟಿದ್ದೇನೆ. ಗುಂಪು ಕೊನೆಗೆ ಬರುತ್ತದೆ, ಮೊದಲಿಗಲ್ಲ.

ಕಾಗದಪತ್ರ, ಆಮೇಲೆ ಮೈ

ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಅದರಲ್ಲಿ ಬೈಕಿನ ವರ್ಗ ಇನ್ನೂ ಇದೆಯೇ, ನೋಂದಣಿ ಮತ್ತು ವಿಮೆ ಸರಿ ಇವೆಯೇ ನೋಡಿ. ವಿಮೆ ಕಂಪನಿಗೆ ಗಾಡಿ ಇಷ್ಟು ಕಾಲ ನಿಂತಿತ್ತು ಎಂದು ಮುಚ್ಚಿಡದೆ ಹೇಳಿ. ಈ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ.

ಮೈಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ನಲವತ್ತು ದಾಟಿದ ಮೇಲೆ ಹತ್ತಿರದ ವಸ್ತುವಿಗೆ ಕಣ್ಣು ಹೊಂದಿಕೊಳ್ಳುವುದು ನಿಧಾನ, ಮಬ್ಬು ಬೆಳಕಿನಲ್ಲಿ ಬೂದು ರಸ್ತೆಯ ಮೇಲಿನ ಬೂದು ಗುಂಡಿ ಕಾಣುವುದೂ ಕಷ್ಟ. ಹಾಗಾಗಿ ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕವಿದ್ದರೆ ಹೆಲ್ಮೆಟ್ ಕೊಳ್ಳುವಾಗ ಹಾಕಿಕೊಂಡೇ ಹೋಗಿ. ಕುರ್ಚಿಯಲ್ಲಿ ನೇರ ಕೂತು ಭುಜ ಅಲುಗಿಸದೆ ಎರಡೂ ಕಡೆ ಕುತ್ತಿಗೆ ತಿರುಗಿಸಿ ನೋಡಿ. ಗಲ್ಲ ಹೆಚ್ಚುಕಡಿಮೆ ಭುಜದ ಮೇಲೆ ಬರಬೇಕು. ಕನ್ನಡಿಯಲ್ಲಿ ಕಾಣದ ಜಾಗವನ್ನು ನೋಡಲು ಬೈಕಿನಲ್ಲಿ ಇರುವುದು ಈ ಕುತ್ತಿಗೆ ಒಂದೇ. ತಿರುಗದಿದ್ದರೆ ಕೆಲವು ವಾರ ವ್ಯಾಯಾಮ ಮಾಡಿ ಆಮೇಲೆ ರಸ್ತೆಗಿಳಿಯಿರಿ. ಮುಂಗೈ ಬಲಕ್ಕೆ ಮೆತ್ತನೆಯ ಚೆಂಡು ಹಿಸುಕುವ ಅಭ್ಯಾಸ ಸಾಕು. ಅರ್ಧ ದಿನ ಕ್ಲಚ್ ಹಿಡಿದರೆ ಮೊದಲು ಸೋಲುವುದು ಅದೇ.

ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ನೇರವಾಗಿ ಕೇಳಿ. ನೆಗಡಿ, ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳಲ್ಲಿ ಹಲವು ಮಂಪರು ತರಿಸುತ್ತವೆ. ಕಾರಿನಲ್ಲಿ ತೂಕಡಿಕೆ ಬಂದರೂ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುತ್ತದೆ, ಬೈಕ್ ನಿಲ್ಲುವುದಿಲ್ಲ.

ನಿಂತ ಗಾಡಿಯನ್ನು ಎಬ್ಬಿಸುವುದು

ಹಳೆಯ ಗಾಡಿ ಮೂಲೆಯಲ್ಲೇ ಇದ್ದರೆ ಬ್ಯಾಟರಿ ಬದಲಿಸಿ ಸೆಲ್ಫ್ ಒತ್ತುವ ಆಸೆಯಾಗುತ್ತದೆ. ಒತ್ತಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಸಿಲಿಂಡರ್ ಗೋಡೆಯ ಎಣ್ಣೆ ಇಳಿದುಹೋಗಿರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಒಂದು ಚಮಚೆಯಷ್ಟು ಎಂಜಿನ್ ಆಯಿಲ್ ಬಿಟ್ಟು, ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಎಂಜಿನ್ ಸರಾಗ ತಿರುಗಿದರೆ ಮುಂದುವರಿಯಿರಿ. ಬಿಗಿಯಾಗಿದ್ದರೆ ಬಲ ಹಾಕದೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಪೆಟ್ರೋಲ್ ಕೆಡುತ್ತದೆ. ಅದರ ಹಗುರ ಅಂಶಗಳು ಆವಿಯಾಗಿ ಹೋಗಿ ಉಳಿದದ್ದು ಅಂಟಿನಂತಾಗುತ್ತದೆ, ಕಾರ್ಬುರೇಟರಿನ ಸಣ್ಣ ಜೆಟ್‌ಗಳನ್ನು ಕಟ್ಟಿಹಾಕುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಎಥನಾಲ್ ಜತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕಿಗೆ ದಾರಿ ಮಾಡುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಕಂದು ಪುಡಿ ಕಂಡರೆ ಸ್ವಚ್ಛ ಮಾಡಿಸದೆ ಹೊಸ ಪೆಟ್ರೋಲ್ ಹಾಕಬೇಡಿ. ಕಾರ್ಬುರೇಟರ್ ಬಿಚ್ಚಿ ತೊಳೆಸಿ, ಇಂಜೆಕ್ಷನ್ ಗಾಡಿಯಾದರೆ ಫ್ಯುಯೆಲ್ ಪಂಪ್ ಮತ್ತು ಫಿಲ್ಟರ್ ನೋಡಿಸಿ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ. ಇಲಿ ಗೂಡು ಕಟ್ಟುವ ಮೆಚ್ಚಿನ ಜಾಗ ಅದು, ಪಕ್ಕದ ವೈರನ್ನೂ ಕಡಿದಿರುತ್ತದೆ.

ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ ಅಷ್ಟೆ. ಬ್ರೇಕ್, ಟೈರ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಖರ್ಚಿನ ಮೊದಲ ಪಾಲು ಅವಕ್ಕೆ ಹೋಗಲಿ. ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಬಿಸಿಯಾದಾಗ ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ತಾಗುತ್ತದೆ. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ನಿಂತ ಗಾಡಿಗೆ ಆಯಿಲ್ ಜತೆ ಕ್ಯಾಲಿಪರ್ ಸೀಲ್, ರಬ್ಬರ್ ಪೈಪುಗಳನ್ನೂ ನೋಡಿಸಿ. ಡ್ರಮ್ ಬ್ರೇಕ್ ಆದರೆ ಬಿಚ್ಚಿ ಶೂ ಮೇಲಿನ ಲೈನಿಂಗ್ ಸರಿಯಾಗಿ ಅಂಟಿಕೊಂಡಿದೆಯೇ ನೋಡಬೇಕು.

ಟೈರಿನ ಬಟನ್ ಎಷ್ಟೇ ಉಳಿದಿರಲಿ, ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರ ಮತ್ತು ವರ್ಷ: 2317 ಎಂದಿದ್ದರೆ 2017ರ 23ನೆಯ ವಾರ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದದ್ದನ್ನು ನೋಡಲು ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ಟೈರ್ ತಯಾರಕರ ಸಾಮಾನ್ಯ ಸಲಹೆ. ನನ್ನ ಮಟ್ಟಿಗೆ, ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತ ಟೈರನ್ನು ಉಳಿಸುವ ಯೋಚನೆಯೇ ಬೇಡ. ಹೊಸ ಟೈರ್ ಹಾಕಿದ ಮೇಲೂ ಮೊದಲ ನೂರಿನ್ನೂರು ಕಿಲೋಮೀಟರ್ ಮೃದುವಾಗಿ ಓಡಿಸಿ, ಮೇಲ್ಮೈ ಸವೆದ ಮೇಲೆಯೇ ಪೂರ್ತಿ ಹಿಡಿತ ಸಿಗುತ್ತದೆ.

ಉಳಿದದ್ದು ಬೇಗ ಬೇಗ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದ ಗುರುತಿದ್ದರೆ ಸೀಲ್ ಹೋಗಿದೆ. ಚೈನ್‌ನಲ್ಲಿ ಬಿಗಿದುಕೊಂಡ ಕೊಂಡಿಗಳಿದ್ದರೆ ಸ್ಪ್ರಾಕೆಟ್ ಸಮೇತ ಬದಲಿಸಿ. ಕ್ಲಚ್, ಥ್ರಾಟಲ್ ಕೇಬಲ್‌ಗಳಿಗೆ ಎಣ್ಣೆ ಬಿಡಿ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ವರ್ಷಗಟ್ಟಲೆ ಖಾಲಿ ಬಿದ್ದಿದ್ದರೆ ಅದು ಮತ್ತೆ ಚೇತರಿಸಿಕೊಳ್ಳುವುದು ಅಪರೂಪ.

ಬೇರೆ ಗಾಡಿ ಕೊಳ್ಳುವುದಾದರೆ

ಹಿಂದೆ ಹಣವಿರಲಿಲ್ಲ, ಈಗ ಇದೆ. ಹಾಗಾಗಿ ಮರಳಿ ಬರುವವರಲ್ಲಿ ಅನೇಕರು ನೇರವಾಗಿ ಕನಸಿನ ದೊಡ್ಡ ಬೈಕಿಗೇ ಕೈ ಹಾಕುತ್ತಾರೆ. ಆ ಕನಸಿಗೆ ಒಂದು ಋತು ತಡೆಯಿರಿ ಎಂಬುದು ನನ್ನ ಕಳಕಳಿಯ ಮಾತು. ನೀವು ಬಿಟ್ಟ ಕಾಲದ ದೊಡ್ಡ ಗಾಡಿಗೂ ಇಂದಿನದಕ್ಕೂ ಶಕ್ತಿಯಲ್ಲಿ ಬಹಳ ಅಂತರವಿದೆ, ಸ್ವಲ್ಪ ಕೈ ತಿರುಗಿಸಿದರೆ ಅಂದಾಜು ಹಿಂದೆಯೇ ಉಳಿದುಬಿಡುತ್ತದೆ. ಮಧ್ಯಮ ಗಾತ್ರದ, ಎರಡೂ ಪಾದ ನೆಲಕ್ಕೆ ತಾಗುವ, ನಿಲ್ಲಿಸಿ ತಳ್ಳಲು ಆಗುವ ಗಾಡಿ ತೆಗೆದುಕೊಳ್ಳಿ. ಬಾಡಿಗೆಗೆ ಸಿಕ್ಕರೆ ಎರಡು ಮೂರು ಬಗೆಯವನ್ನು ಓಡಿಸಿ ನೋಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಎಬಿಎಸ್. 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100 ಬೈಕಿಗೆ ಎಲೆಕ್ಟ್ರಾನಿಕ್ ಎಬಿಎಸ್ ಕೊಟ್ಟಾಗ ಅದು ದುಬಾರಿ ಗಾಡಿಗಳ ಸೊತ್ತಾಗಿತ್ತು. ಈಗ ಅನೇಕ ದೇಶಗಳಲ್ಲಿ ಒಂದು ಮಿತಿ ಮೀರಿದ ಎಂಜಿನ್‌ಗಳ ಹೊಸ ಬೈಕುಗಳಿಗೆ ಕಡ್ಡಾಯ. ಗಾಬರಿಯಲ್ಲಿ ಬ್ರೇಕ್ ಪೂರ್ತಿ ಹಿಡಿದಾಗಲೂ ಚಕ್ರ ಜಾಮ್ ಆಗದಂತೆ ಅದು ತಡೆಯುತ್ತದೆ. ಅಂದಾಜು ಇನ್ನೂ ಮರಳದ ಸವಾರನಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ತೊಡುವುದು

ಹಳೆಯ ಹೆಲ್ಮೆಟ್ ಎಸೆಯಿರಿ. ಒಳಗಿನ ಥರ್ಮಾಕೋಲ್ ಪದರ, ಅಂಟು, ಪಟ್ಟಿ ಎಲ್ಲವೂ ಕಾಲಕ್ಕೆ ಸೊರಗುತ್ತವೆ, ಸುಮಾರು ಐದು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ ತಯಾರಕರು. ಒಮ್ಮೆ ಪೆಟ್ಟು ತಿಂದದ್ದಾದರೆ ಆ ದಿನವೇ. ಬೈಕ್ ಸವಾರರ ತಲೆ ಪೆಟ್ಟಿನ ಬಗ್ಗೆ ಗಂಭೀರ ಅಧ್ಯಯನ ಶುರುವಾದದ್ದು ಒಂದು ಸಾವಿನಿಂದ: 1935ರಲ್ಲಿ ಬೈಕ್ ಅಪಘಾತದಲ್ಲಿ ಗಾಯಗೊಂಡ, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ ಅವರನ್ನು ನೋಡಿಕೊಂಡ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಇದ್ದರು. ಆ ಬಳಿಕ ಅವರು ಸೇನೆಯ ಬೈಕ್ ಸವಾರರ ಸಾವುಗಳನ್ನು ಪರಿಶೀಲಿಸಿ, 1941ರಲ್ಲಿ ಹೆಲ್ಮೆಟ್ ಪರವಾಗಿ ಪ್ರಬಂಧ ಪ್ರಕಟಿಸಿದರು.

ಹೊಸದು ಕೊಳ್ಳುವಾಗ ಇಸಿಇ 22.06 ಎಂಬ ಹೆಲ್ಮೆಟ್ ಸುರಕ್ಷತಾ ಮಾನದಂಡದ ಗುರುತು ಇರುವುದನ್ನು ಹುಡುಕಿ. ಹಿಂದಿನ 22.05ರಲ್ಲಿ ಇಲ್ಲದ, ಓರೆಯಾಗಿ ಬಿದ್ದಾಗ ತಲೆ ಗಿರಕಿ ಹೊಡೆಯುವುದನ್ನು ಅಳೆಯುವ ಪರೀಕ್ಷೆ ಇದರಲ್ಲಿದೆ. ಅಳತೆ ಇನ್ನೂ ಮುಖ್ಯ. ಕೆನ್ನೆ ಒತ್ತಿ ಹಿಡಿಯಬೇಕು, ತಲೆ ಅಲುಗಿಸಿದರೆ ಚರ್ಮವೂ ಜತೆಗೇ ಅಲುಗಬೇಕು. ಪಟ್ಟಿ ಬಿಗಿದು, ಹಿಂಭಾಗದ ಅಂಚು ಹಿಡಿದು ಮೇಲಕ್ಕೆ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ನಿಮ್ಮದಲ್ಲ.

ಜಾಕೆಟ್, ಪ್ಯಾಂಟಿಗೆ ಇಎನ್ 17092 ಎಂಬ ಯುರೋಪಿನ ಮಾನದಂಡ ಇದೆ. ರಸ್ತೆಗೆ ಉಜ್ಜಿದರೂ ಹರಿಯದ ಶಕ್ತಿಯ ಪ್ರಕಾರ, ಹೆಚ್ಚಿನದರಿಂದ ಕೆಳಕ್ಕೆ, ಎಎಎ, ಎಎ, ಎ ಎಂದು ದರ್ಜೆಗಳು. ದೂರದ ರಸ್ತೆಗೆ ಎಎ ಇರಲಿ. ಗ್ಲೌಸಿನ ಅಂಗೈ ಬುಡದಲ್ಲಿ ಗಟ್ಟಿ ತುಂಡು, ಬೂಟು ಕಣಕಾಲಿನ ಗಂಟು ಮುಚ್ಚುವಷ್ಟು ಎತ್ತರ, ಇಷ್ಟು ಬೇಕೇ ಬೇಕು. ಇನ್ನೊಂದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಕಿವಿಗೆ ಹಾಕುವ ಸ್ಪಂಜಿನ ಪ್ಲಗ್. ಗಂಟೆಗೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದು 100 ಡೆಸಿಬಲ್‌ಗೆ ಹತ್ತಿರ ಹೋಗುತ್ತದೆ. ಗಂಟೆಗಟ್ಟಲೆ ಅದನ್ನು ಕೇಳಿದರೆ ಕಿವಿ ಹಾಳಾಗುವುದಷ್ಟೇ ಅಲ್ಲ, ದಣಿವೂ ಬೇಗ ಬರುತ್ತದೆ. ಎಲ್ಲೆಡೆ ಇದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ, ನಿಮ್ಮಲ್ಲಿ ಹೇಗೆ ಎಂದು ನೋಡಿಕೊಳ್ಳಿ.

ಖಾಲಿ ಜಾಗದಲ್ಲಿ ಮೊದಲ ದಿನಗಳು

ತರಬೇತಿ ಶಾಲೆಯ ಮರುಕಲಿಕೆ ಕೋರ್ಸ್ ಹತ್ತಿರದಲ್ಲಿದ್ದರೆ ಸೇರಿ. ನೋಡುತ್ತ ನಿಂತ ತರಬೇತುದಾರರಿಗೆ ನಿಮ್ಮ ಹಳೆಯ ಕೆಟ್ಟ ಅಭ್ಯಾಸ ಹತ್ತು ನಿಮಿಷದಲ್ಲಿ ಕಾಣುತ್ತದೆ, ನಿಮಗೆ ವರ್ಷವಾದರೂ ಕಾಣದು. ಸಿಗದಿದ್ದರೆ ವಾಹನ ಬಾರದ, ಮರಳಿಲ್ಲದ ವಿಶಾಲ ಜಾಗ ಹುಡುಕಿ, ಅನುಮತಿ ಕೇಳಿ, ಜತೆಗೊಬ್ಬರನ್ನು ಕರೆದೊಯ್ಯಿರಿ.

ಶುರು ನಿಧಾನದಿಂದ. ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಹಗುರವಾಗಿ ಒತ್ತಿ, ನಡಿಗೆಯ ವೇಗದಲ್ಲಿ ನೇರ ಹೋಗಿ. ಆಮೇಲೆ ದೊಡ್ಡ ವೃತ್ತ, ಚಿಕ್ಕ ವೃತ್ತ, ಎಂಟರ ಆಕಾರ. ತಲೆಯನ್ನು ಹೋಗಬೇಕಾದ ಕಡೆ ಪೂರ್ತಿ ತಿರುಗಿಸಿ. ಮುಂದಿನ ಚಕ್ರ ನೋಡಿದರೆ ಕಾಲು ನೆಲಕ್ಕೆ ಬರುತ್ತದೆ. ಮರಳಿ ಬಂದವರು ಗಾಡಿ ಬೀಳಿಸುವುದು ಹೆಚ್ಚಾಗಿ ವೇಗದಲ್ಲಲ್ಲ, ನಿಲ್ಲಿಸುವಾಗ, ತಿರುಗಿಸುವಾಗ. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ಭಾರದ ಗಾಡಿ ಅಲ್ಲೇ ವಾಲುತ್ತದೆ. ಆ ವೇಗಕ್ಕೆ ಹಿಂದಿನ ಬ್ರೇಕೇ ಸರಿ.

ನಂತರ ಬ್ರೇಕ್. ನಾನು ಹೇಳುವುದರಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯವಿದ್ದರೆ ಇದನ್ನೇ ಮಾಡಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತಲಿನ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟರು. ಸವಾರರಲ್ಲಿ ಹೆಚ್ಚಿನವರು ಹಿಂದಿನ ಬ್ರೇಕ್ ಅತಿಯಾಗಿ ಒತ್ತಿ ಚಕ್ರ ಜಾರಿಸಿದ್ದರು, ಮುಂದಿನದನ್ನು ಸಾಲದಷ್ಟು ಹಿಡಿದಿದ್ದರು. ತಪ್ಪಿಸಿಕೊಳ್ಳಲು ಅವರಿಗೆ ಸಿಕ್ಕ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಎರಡು ಸೆಕೆಂಡಿನಲ್ಲಿ ಯೋಚಿಸಲಾಗದು, ಕೈಗೆ ಅಭ್ಯಾಸ ಇದ್ದದ್ದು ಮಾತ್ರ ನಡೆಯುತ್ತದೆ.

ಮುಂದಿನ ಬ್ರೇಕನ್ನು ಫಕ್ಕನೆ ಎಳೆಯದೆ, ಮೊದಲು ಲಿವರಿನ ಸಡಿಲು ತೆಗೆದು, ಗಾಡಿಯ ಭಾರ ಮುಂದಿನ ಚಕ್ರಕ್ಕೆ ಬಂದ ಮೇಲೆ ಹಿಸುಕುತ್ತ ಹೋಗಿ. ಭಾರ ಬಂದಷ್ಟೂ ಆ ಟೈರಿನ ಹಿಡಿತ ಹೆಚ್ಚುತ್ತದೆ, ಹಾಗಾಗಿ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಅದರದ್ದೇ. ಗಂಟೆಗೆ 20 ಕಿಲೋಮೀಟರಿನಿಂದ ಶುರುಮಾಡಿ 30, 40, 50ಕ್ಕೆ ಏರಿಸಿ. ಗಾಡಿ ನೇರವಾಗಿರಲಿ, ಕಣ್ಣು ದೂರಕ್ಕಿರಲಿ. ಎಬಿಎಸ್ ಇದ್ದರೆ ಲಿವರಿನಲ್ಲಿ ಅದರ ನಡುಕ ಬರುವವರೆಗೂ ಒಮ್ಮೆ ಹಿಡಿದು ನೋಡಿ. ಆ ನಡುಕ ಪರಿಚಯವಿಲ್ಲದವರು ನಿಜವಾದ ಅಗತ್ಯದಲ್ಲಿ ಕೈ ಸಡಿಲಿಸಿಬಿಡುತ್ತಾರೆ.

ನಿಲ್ಲುವ ದೂರದ ಲೆಕ್ಕ ತಲೆಯಲ್ಲಿರಲಿ. ಒಣ ರಸ್ತೆ, ಒಳ್ಳೆಯ ಬ್ರೇಕ್, ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡ್ ಎಂದುಕೊಂಡರೆ ಗಂಟೆಗೆ 60 ಕಿಲೋಮೀಟರಿನಲ್ಲಿ ಸುಮಾರು 37 ಮೀಟರ್ ಬೇಕು. 80ರಲ್ಲಿ 57, ನೂರರಲ್ಲಿ 83 ಮೀಟರ್. ಖಾಲಿ ಜಾಗದಲ್ಲಿ 37 ಮೀಟರ್ ಅಳೆದು ಎರಡು ಕಲ್ಲಿಟ್ಟು ನೋಡಿ. ಕಣ್ಣಿನ ಅಂದಾಜು ಮರಳುವುದು ಹೀಗೆ ಅಳೆದು ನೋಡಿದಾಗಲೇ.

ಕೊನೆಯದು ಅಡ್ಡ ಸರಿಯುವುದು. ವೇಗದಲ್ಲಿರುವ ಬೈಕನ್ನು ಬಲಕ್ಕೆ ವಾಲಿಸಬೇಕೆಂದರೆ ಬಲ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು, ಎಡಕ್ಕೆ ಎಡದ್ದನ್ನು. ವಿಮಾನ ಹಾರಿಸಿದ ಸೋದರರಲ್ಲೊಬ್ಬರಾದ ವಿಲ್ಬರ್ ರೈಟ್ ಸೈಕಲ್ ವ್ಯಾಪಾರಿಯೂ ಆಗಿದ್ದರು. ತಿರುಗುವಾಗ ಏನು ಮಾಡುತ್ತೀರಿ ಎಂದು ಅವರು ಸವಾರರನ್ನು ಕೇಳಿದರೆ ಯಾರಿಗೂ ಸರಿಯಾದ ಉತ್ತರ ಹೇಳಲಾಗುತ್ತಿರಲಿಲ್ಲವಂತೆ. ಗೊತ್ತಿಲ್ಲದೆ ಎಲ್ಲರೂ ಇದನ್ನೇ ಮಾಡುತ್ತೇವೆ. ಗಾಬರಿಯಲ್ಲಿ ಮಾತ್ರ ಕೈ ಹ್ಯಾಂಡಲನ್ನು ಉಲ್ಟಾ ತಿರುಗಿಸಲು ಹೋಗುತ್ತದೆ. ಗಂಟೆಗೆ 30–40 ಕಿಲೋಮೀಟರಿನಲ್ಲಿ ಮೆತ್ತನೆಯ ಗುರುತೊಂದನ್ನಿಟ್ಟು, ತಳ್ಳಿ ಸರಿದು, ಮತ್ತೆ ತಳ್ಳಿ ನೇರವಾಗಿ. ಸರಿಯುವಾಗ ಬ್ರೇಕ್ ಬೇಡ.

ಒಬ್ಬರೇ ರಸ್ತೆಗೆ

ಗೊತ್ತಿರುವ ದಾರಿ, ಹಗಲು, ಒಣ ಹವೆ, ಕಡಿಮೆ ಸಂಚಾರ. ಮೊದಮೊದಲು ಒಂದು ಗಂಟೆ ಸಾಕು. ಒಂದೊಂದೇ ಹೊಸ ಕಷ್ಟ ಸೇರಿಸುತ್ತ ಹೋಗಿ: ಇಂದು ಹೆದ್ದಾರಿ, ಇನ್ನೊಂದು ದಿನ ತಿರುವುಗಳು, ಮತ್ತೊಂದು ದಿನ ಮಳೆ. ಎರಡನ್ನು ಒಟ್ಟಿಗೆ ಬೇಡ.

ಹರ್ಟ್ ವರದಿಯ ಇನ್ನೊಂದು ಮಾತು ಇಲ್ಲಿ ಬೇಕಾಗುತ್ತದೆ. ಬೇರೆ ವಾಹನ ಸೇರಿಕೊಂಡ ಅಪಘಾತಗಳಲ್ಲಿ ಹೆಚ್ಚಿನವು ಆ ವಾಹನ ಬೈಕಿನ ದಾರಿಗೆ ಅಡ್ಡ ಬಂದದ್ದರಿಂದ ಆದವು. ಚಾಲಕರಿಗೆ ಬೈಕ್ ಕಂಡಿರಲೇ ಇಲ್ಲ, ಇಲ್ಲವೇ ತೀರ ತಡವಾಗಿ ಕಂಡಿತು. ಕೂಡುರಸ್ತೆಯಲ್ಲಿ ಕಾದು ನಿಂತ ಕಾರಿನ ಚಾಲಕ ನಿಮ್ಮತ್ತ ನೋಡಿದ ಎಂದಮಾತ್ರಕ್ಕೆ ನೀವು ಕಂಡಿರಿ ಎಂದಲ್ಲ. ಮುಖ ನೋಡುವ ಬದಲು ಮುಂದಿನ ಚಕ್ರ ನೋಡಿ, ಕಾರು ಹೊರಟರೆ ಮೊದಲು ಅಲುಗುವುದು ಅದು. ಅಲ್ಲಿಗೆ ಹೋಗುವ ಮೊದಲೇ ಥ್ರಾಟಲ್ ಬಿಟ್ಟು, ಎರಡು ಬೆರಳು ಬ್ರೇಕಿನ ಮೇಲಿಟ್ಟು, ಲೇನಿನೊಳಗೇ ಸ್ವಲ್ಪ ಅತ್ತಿತ್ತ ಸರಿದರೆ ಅವರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಸುಮ್ಮನೆ ಓಡಿಸುತ್ತಲೇ ತರಬೇತಿ ಕೊಟ್ಟುಕೊಳ್ಳುವ ಉಪಾಯವೂ ಒಂದಿದೆ. ಮುಂದೆ ಕಾಣುವ ಅಪಾಯಗಳನ್ನು ಹೆಲ್ಮೆಟ್ ಒಳಗೆ ಬಾಯಿಬಿಟ್ಟು ಹೇಳುತ್ತ ಹೋಗಿ: "ಬಸ್ ನಿಂತಿದೆ, ಯಾರೋ ಇಳಿಯಬಹುದು. ತಿರುವು, ಆಚೆ ಕಾಣುತ್ತಿಲ್ಲ. ಬಿಳಿ ಕಾರಿನ ಬಾಗಿಲು." ಬ್ರಿಟನ್‌ನ ಪೊಲೀಸ್ ಚಾಲಕರ ತರಬೇತಿಯಲ್ಲಿ ಬಹುಕಾಲದಿಂದ ಇರುವ ಅಭ್ಯಾಸ ಇದು. ಮಾತು ನಿಂತಿತೆಂದರೆ ಗಮನ ಹೋಯಿತು ಎಂದೇ ಅರ್ಥ, ನಿಲ್ಲಿಸಿ ವಿಶ್ರಮಿಸಿ.

ಸಲೀಸಾಗಿ ಎರಡು ಮೂರು ಗಂಟೆ ಓಡಿಸಿ, ಇಳಿದಾಗ ಕೈ ಮರಗಟ್ಟದೆ, ದಾರಿಯ ವಿವರ ನೆನಪಿದ್ದರೆ ಗುಂಪಿನ ಯೋಚನೆ ಮಾಡಬಹುದು.

ಬಳಗ ಆರಿಸುವುದು

ಒಂದೇ ಕಂಪನಿಯ ಗಾಡಿಯವರ ಕ್ಲಬ್ಬುಗಳು, ಪ್ರವಾಸದ ಗುಂಪುಗಳು, ಹಳೆಯ ಗಾಡಿಗಳನ್ನು ಪ್ರೀತಿಸುವವರು, ಮಣ್ಣಿನ ದಾರಿಯವರು, ಹೀಗೆ ಬಗೆಬಗೆ. ಹೆಂಗಸರದ್ದೇ ಬಳಗಗಳೂ ಹೊಸತಲ್ಲ, ಅಮೆರಿಕದ ಮೋಟಾರ್ ಮೇಯ್ಡ್ಸ್ 1940ರಿಂದ ಇದೆ. ಐರನ್ ಬಟ್ ಅಸೋಸಿಯೇಷನ್‌ನಂಥವರ ಲೋಕವೇ ಬೇರೆ, ಅವರ ಮೊದಲ ಮೆಟ್ಟಿಲೇ 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,600 ಕಿಲೋಮೀಟರ್. ಅದು ಸದ್ಯಕ್ಕೆ ಬೇಡ.

ಯಾವ ಗಾಡಿ ಎನ್ನುವುದಕ್ಕಿಂತ ಯಾವ ಸ್ವಭಾವ ಎನ್ನುವುದು ಮುಖ್ಯ. ಮೊದಲ ಸಲ ಗಾಡಿ ಇಲ್ಲದೆಯೇ, ಅವರು ಸೇರುವ ಕಡೆ ಹೋಗಿ ಮಾತಾಡಿ. ಹೀಗೆ ಕೇಳಿ: ಹೊರಡುವ ಮೊದಲು ಎಲ್ಲರನ್ನೂ ನಿಲ್ಲಿಸಿ ದಾರಿ, ನಿಲುಗಡೆ, ಸನ್ನೆಗಳನ್ನು ಹೇಳುತ್ತೀರಾ? ಹೊಸಬರನ್ನು ಎಲ್ಲಿ ನಿಲ್ಲಿಸುತ್ತೀರಿ? ಒಬ್ಬರು ಹಿಂದೆ ಉಳಿದರೆ ಏನು ಮಾಡುತ್ತೀರಿ? ಕುಡಿದು ಬಂದವರನ್ನು ಸೇರಿಸಿಕೊಳ್ಳುತ್ತೀರಾ? ಉತ್ತರ ತಟ್ಟನೆ, ಸ್ಪಷ್ಟವಾಗಿ ಬಂದರೆ ಅದು ಒಳ್ಳೆಯ ಗುಂಪು. "ಅದೆಲ್ಲ ನಮ್ಮಲ್ಲಿ ತಲೆ ಕೆಡಿಸಿಕೊಳ್ಳಲ್ಲ, ಆರಾಮಾಗಿ ಬನ್ನಿ" ಎಂದರೆ ನಮಸ್ಕಾರ ಹೇಳಿ ಹೊರಡಿ. ಸ್ಪೀಡೋಮೀಟರಿನ ವಿಡಿಯೋ ಹಾಕಿ ಮೆರೆಯುವವರು, ಪೂರ್ತಿ ಜಾಕೆಟ್ ಹಾಕಿದವರನ್ನು ಗೇಲಿ ಮಾಡುವವರು ಇದ್ದಲ್ಲಿಂದಲೂ ಹೊರಡಿ. ಅಂಥ ಬಳಗದಲ್ಲಿ ನಿಮ್ಮ ಧೈರ್ಯ ಅಂದಾಜನ್ನು ಹಿಂದೆ ಹಾಕಿ ಓಡುತ್ತದೆ.

ನಿಮ್ಮ ಕಡೆಯಿಂದಲೂ ಮುಚ್ಚುಮರೆ ಬೇಡ. "ಬಹಳ ವರ್ಷ ಬಿಟ್ಟಿದ್ದೆ, ಈಗಷ್ಟೇ ಮರಳಿದ್ದೇನೆ" ಎಂದು ಮೊದಲೇ ಹೇಳಿ. ಹಿಂದೆ ಎಷ್ಟು ದೂರ ಓಡಿಸಿದ್ದಿರಿ ಎಂಬುದನ್ನು ಆಮೇಲೆ ಹೇಳಬಹುದು.

ಮೊದಲ ಗುಂಪು ಸವಾರಿ

ಟ್ಯಾಂಕ್ ತುಂಬಿಸಿ, ಗಾಳಿ ನೋಡಿ, ಹೇಳಿದ ಸಮಯಕ್ಕಿಂತ ಮುಂಚೆ ಹೋಗಿ. ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ ಜಾಕೆಟ್ಟಿನಲ್ಲಿರಲಿ.

ಎಲ್ಲರ ಮುಂದೆ ಲೀಡ್, ಕೊನೆಯಲ್ಲಿ ಸ್ವೀಪ್. ಲೀಡ್ ದಾರಿ ಮತ್ತು ವೇಗ ನೋಡಿಕೊಳ್ಳುತ್ತಾರೆ. ಹಿಂದೆ ಉಳಿದವರನ್ನು ಸ್ವೀಪ್ ನೋಡಿಕೊಳ್ಳುತ್ತಾರೆ, ಸ್ವೀಪ್‌ಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ನೇರ ರಸ್ತೆಯಲ್ಲಿ ಒಂದೇ ಲೇನಿನೊಳಗೆ ಎಡಬಲ ಬಿಟ್ಟು ಸಾಗುವುದು ವಾಡಿಕೆ: ಲೀಡ್ ರಸ್ತೆಯ ಮಧ್ಯಗೆರೆಯ ಕಡೆ, ಎರಡನೆಯವರು ಅಂಚಿನ ಕಡೆ, ಮೂರನೆಯವರು ಮತ್ತೆ ಲೀಡ್ ಸಾಲಿನಲ್ಲಿ. ಓರೆಯಲ್ಲಿರುವವರಿಗೂ ನಿಮಗೂ ಒಂದು ಸೆಕೆಂಡ್, ನೇರ ಮುಂದಿರುವವರಿಗೂ ನಿಮಗೂ ಕನಿಷ್ಠ ಎರಡು ಸೆಕೆಂಡ್ ಅಂತರ. ತಿರುವು, ಕಿರಿದಾದ ರಸ್ತೆ, ಕೆಟ್ಟ ರಸ್ತೆ, ಮಳೆ ಬಂದರೆ ಒಂದೇ ಸಾಲು, ಎರಡು ಸೆಕೆಂಡಿಗಿಂತ ಹೆಚ್ಚು. ಜೋಡಿಯಾಗಿ ಪಕ್ಕಪಕ್ಕ ಹೋಗುವುದು ಫೋಟೋಗೆ ಚೆಂದ. ಗುಂಡಿ ಬಂದಾಗ ಸರಿಯಲು ಇಬ್ಬರಿಗೂ ಜಾಗವಿರುವುದಿಲ್ಲ.

ಹೊಸಬರನ್ನು ಲೀಡ್ ಹಿಂದೆಯೇ ನಿಲ್ಲಿಸುವುದಕ್ಕೆ ಕಾರಣವಿದೆ. ಮುಂದಿನವರು ನಿಧಾನಿಸಿ ಮತ್ತೆ ವೇಗ ಹಿಡಿದಾಗ ಅಂತರ ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ, ಸಾಲು ಉದ್ದವಾದಷ್ಟೂ ಹಿಗ್ಗು ಹೆಚ್ಚು. ಲೀಡ್ ಗಂಟೆಗೆ 80ರಲ್ಲಿ ಸಾಗುತ್ತಿದ್ದರೂ ಬಾಲದಲ್ಲಿರುವವರು ಸೇರಿಕೊಳ್ಳಲು ನೂರು ದಾಟಬೇಕಾಗಬಹುದು. ಅಂದಾಜು ಮಂಕಾಗಿರುವವರನ್ನು ಅಲ್ಲಿ ಹಾಕುವುದು ತಪ್ಪು. ಇದೇ ಕಾರಣಕ್ಕೆ ಒಳ್ಳೆಯ ಬಳಗಗಳು ಐದರಿಂದ ಏಳು ಜನರ ಚಿಕ್ಕ ಗುಂಪುಗಳಾಗಿ ಒಡೆಯುತ್ತವೆ. ನಿಮ್ಮನ್ನು ಹಿಂದೆ ಹಾಕಿದರೆ "ನನ್ನನ್ನು ಲೀಡ್ ಹಿಂದೆ ಬಿಡಿ" ಎಂದು ಕೇಳಲು ಸಂಕೋಚ ಬೇಡ.

ಸನ್ನೆಗಳು ಊರೂರಿಗೆ ಸ್ವಲ್ಪ ಬೇರೆ, ಮೊದಲೇ ಕೇಳಿ. ಸಾಮಾನ್ಯವಾದವು ಇವು: ಒಂದು ಬೆರಳು ಮೇಲೆತ್ತಿದರೆ ಒಂದೇ ಸಾಲು, ಎರಡು ಬೆರಳು ಎತ್ತಿದರೆ ಮತ್ತೆ ಎಡಬಲ. ಅಂಗೈ ಕೆಳಗೆ ಮಾಡಿ ತಗ್ಗಿಸಿದರೆ ನಿಧಾನ. ಕಾಲು ಚಾಚಿ ತೋರಿಸಿದರೆ ಆ ಕಡೆ ಗುಂಡಿ, ಮರಳು. ಟ್ಯಾಂಕಿನತ್ತ ಬೆರಳು ತೋರಿಸಿದರೆ ಪೆಟ್ರೋಲ್ ಬೇಕು. ಮುಂದಿನವರ ಸನ್ನೆಯನ್ನು ಹಿಂದಿನವರಿಗೆ ದಾಟಿಸಿ. ಬ್ರೇಕ್ ಹಿಡಿಯಬೇಕಾದಾಗ ಮಾತ್ರ ಸನ್ನೆ ಬಿಟ್ಟು ಕೈ ಹ್ಯಾಂಡಲಿಗೆ.

ಓವರ್‌ಟೇಕ್‌ನಲ್ಲಿ ಅತಿ ಎಚ್ಚರ. ಮುಂದಿನವರು ಲಾರಿ ದಾಟಿದರು ಎಂದರೆ ಅವರಿಗೆ ಜಾಗವಿತ್ತು, ಅಷ್ಟೇ. ನಿಮ್ಮ ಸರದಿಗೆ ರಸ್ತೆ ಬೇರೆಯೇ. ನೀವೇ ನೋಡಿ, ನೀವೇ ನಿರ್ಧರಿಸಿ, ಒಬ್ಬೊಬ್ಬರಾಗಿ ದಾಟಿ. ದಾಟಿದ ಮೇಲೆ ಸ್ವಲ್ಪ ದೂರ ವೇಗ ಕಾಯ್ದುಕೊಂಡರೆ ಹಿಂದಿನವರಿಗೆ ಒಳಬರಲು ಜಾಗ ಉಳಿಯುತ್ತದೆ. ತಿರುವಿನಲ್ಲಿಯೂ ಹಾಗೇ: ಮುಂದಿನವರ ಹಿಂಬದಿ ದೀಪಕ್ಕೆ ಕಣ್ಣು ನೆಟ್ಟರೆ ಅವರು ಹೋದಲ್ಲಿಗೆ ನೀವೂ ಹೋಗುತ್ತೀರಿ, ರಸ್ತೆಯಿಂದ ಆಚೆಗಾದರೂ. ಅವರನ್ನು ದಾಟಿ ತಿರುವಿನ ಕೊನೆ ನೋಡಿ.

ಹಿಂದೆ ಬಿದ್ದರೆ ಬೆನ್ನಟ್ಟಬೇಡಿ. ಅನೇಕ ಗುಂಪುಗಳಲ್ಲಿ ಪ್ರತಿ ಕೂಡುರಸ್ತೆಯಲ್ಲಿ ಲೀಡ್ ಹಿಂದಿನವರೊಬ್ಬರು ನಿಂತು ದಾರಿ ತೋರಿಸಿ, ಸ್ವೀಪ್ ಬಂದಾಗ ಮತ್ತೆ ಸೇರಿಕೊಳ್ಳುವ ಪದ್ಧತಿ ಇರುತ್ತದೆ. ಆ ಪದ್ಧತಿ ಇದ್ದಲ್ಲಿ ಯಾರೂ ಯಾರನ್ನೂ ಹಿಡಿಯಬೇಕಾಗಿಲ್ಲ. ಹೆಲ್ಮೆಟ್ ಇಂಟರ್‌ಕಾಮ್ ಇದ್ದರೂ ಮೊದಲ ಕೆಲವು ಸವಾರಿಗಳಲ್ಲಿ ಹರಟೆಗೆ ಬಳಸಬೇಡಿ. ದಣಿವಾದರೆ, ವೇಗ ಹೆಚ್ಚೆನಿಸಿದರೆ ಮುಂದಿನ ನಿಲುಗಡೆಯಲ್ಲಿ ಸ್ವೀಪ್‌ಗೆ ಹೇಳಿ ಬೇರೆಯಾಗಿ ಮರಳಬಹುದು. ಹೇಳದೆ ಮಾತ್ರ ಹೋಗಬೇಡಿ, ಇಡೀ ಗುಂಪು ನಿಮ್ಮನ್ನು ಹುಡುಕುತ್ತ ನಿಲ್ಲುತ್ತದೆ.

ಯಾರಾದರೂ ಬಿದ್ದರೆ ಎಲ್ಲರೂ ಒಂದೇ ಕಡೆ ಗುಂಪುಗೂಡಬಾರದು. ಒಬ್ಬರು ಹಿಂದಿನ ವಾಹನಗಳನ್ನು ಎಚ್ಚರಿಸಲಿ, ಒಬ್ಬರು ಆಂಬುಲೆನ್ಸ್ ಕರೆಯಲಿ, ಒಬ್ಬರು ಬಿದ್ದವರ ಹತ್ತಿರ ಇರಲಿ. ಉಸಿರಾಟಕ್ಕೆ ತೊಂದರೆ ಇದ್ದಾಗ ಬಿಟ್ಟರೆ ತರಬೇತಿ ಇಲ್ಲದವರು ಹೆಲ್ಮೆಟ್ ತೆಗೆಯಬಾರದು, ಕುತ್ತಿಗೆಗೆ ಪೆಟ್ಟಾಗಿದ್ದರೆ ಅದರಿಂದ ಬೆನ್ನುಹುರಿಗೇ ಹಾನಿ. ಬಳಗದವರೆಲ್ಲ ಸೇರಿ ಒಂದು ಪ್ರಥಮ ಚಿಕಿತ್ಸೆ ತರಗತಿ ಮಾಡಿಸಿಕೊಳ್ಳಿ ಎಂದು ನೀವೇ ಸೂಚಿಸಬಹುದು. ಹೊಸಬರು ಬಳಗಕ್ಕೆ ಕೊಡಬಹುದಾದ ಒಳ್ಳೆಯ ಕೊಡುಗೆ ಅದು.

ಮರಳಿದ ಮೇಲೆ, ಮುಂದಿನ ತಿಂಗಳುಗಳಲ್ಲಿ

ಮನೆಗೆ ಬಂದ ಮೇಲೆ ಚೈನ್ ಇನ್ನೂ ಬೆಚ್ಚಗಿರುವಾಗಲೇ ಲ್ಯೂಬ್ ಹಾಕಿ, ಆಗ ಅದು ಚೆನ್ನಾಗಿ ಒಳಗಿಳಿಯುತ್ತದೆ. ಬ್ರೇಕ್ ತಡವಾಗಿ ಹಿಡಿದದ್ದು ಎಲ್ಲಿ, ಯಾವ ತಿರುವಿನಲ್ಲಿ ವೇಗ ಹೆಚ್ಚಾಯಿತು ಎಂದು ಎರಡು ಸಾಲು ಬರೆದಿಡಿ. ಮುಂದಿನ ವಾರ ಖಾಲಿ ಜಾಗಕ್ಕೆ ಹೋದಾಗ ಅಭ್ಯಾಸ ಮಾಡಬೇಕಾದ್ದು ಅದೇ. ಖಾಲಿ ಜಾಗಕ್ಕೆ ಹೋಗುವುದನ್ನು ಗುಂಪು ಸೇರಿದ ಮೇಲೂ ನಿಲ್ಲಿಸಬೇಡಿ, ಬೇಕಾದರೆ ಬಳಗದವರನ್ನೂ ಕರೆದೊಯ್ಯಿರಿ. ಬಹಳ ವರ್ಷ ಬಿಡದೆ ಓಡಿಸಿದವರೂ ತುರ್ತು ಬ್ರೇಕ್ ಅಭ್ಯಾಸ ಮಾಡಿರುವುದು ಕಡಿಮೆ.

ಒಂದು ಋತು ಕಳೆದ ಮೇಲೆ ಸ್ವೀಪ್ ಕೆಲಸ ಕೇಳಿ ತೆಗೆದುಕೊಳ್ಳಿ. ಹಿಂದಿನಿಂದ ನೋಡುವಾಗ ಯಾರು ಯಾವಾಗ ಬ್ರೇಕ್ ಹಿಡಿಯುತ್ತಾರೆ, ಯಾವ ಸಾಲು ಆರಿಸುತ್ತಾರೆ, ಎಲ್ಲಿ ಗಲಿಬಿಲಿಗೊಳ್ಳುತ್ತಾರೆ ಎಲ್ಲ ಕಾಣುತ್ತದೆ. ಅಂದಾಜು ಚುರುಕಾಗಲು ಅಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಇನ್ನೊಬ್ಬರ ಭಾರ ಹಿಂದೆ ಬಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ, ನಿಧಾನದ ತಿರುವು ತಡಬಡಿಸುತ್ತದೆ, ನಿಲ್ಲುವ ದೂರವೂ ಬದಲಾಗುತ್ತದೆ. ಗಾಡಿಯ ಕೈಪಿಡಿ ಹೇಳಿದಷ್ಟು ಹಿಂದಿನ ಟೈರಿನ ಗಾಳಿ ಹೆಚ್ಚಿಸಿ, ಹಿಂದಿನ ಶಾಕ್ ಬಿಗಿ ಮಾಡಿ. ಕೂರುವವರಿಗೂ ಪೂರ್ತಿ ಹೆಲ್ಮೆಟ್, ಜಾಕೆಟ್, ಬೂಟು. ಹತ್ತುವ ಇಳಿಯುವ ಮೊದಲು ನಿಮಗೆ ಹೇಳಬೇಕು, ಗಾಡಿ ನಿಂತಾಗ ಕಾಲು ಕೆಳಗಿಳಿಸಬಾರದು, ತಿರುವಿನಲ್ಲಿ ಗಾಡಿಯ ಜತೆಗೇ ವಾಲಬೇಕು ಎಂದು ತಿಳಿಸಿ. ಖಾಲಿ ಜಾಗದಲ್ಲಿ ಅವರನ್ನು ಕೂರಿಸಿಕೊಂಡು ಬ್ರೇಕ್, ಎಂಟರ ಆಕಾರ ಎರಡನ್ನೂ ಮಾಡಿ ನೋಡಿ. ಅದು ಸಲೀಸಾದ ಮೇಲೆ ಚಿಕ್ಕ ದಾರಿ, ಆಮೇಲೆ ಗುಂಪು. ಗುಂಪಿನೊಂದಿಗೆ ಹೋಗುವ ದಿನ ಲೀಡ್‌ಗೆ ಮುಂಚೆಯೇ ತಿಳಿಸಿ, ವೇಗವನ್ನೂ ನಿಲುಗಡೆಗಳನ್ನೂ ಅವರು ಅದಕ್ಕೆ ತಕ್ಕಂತೆ ಇಡುತ್ತಾರೆ.